ಬರೆದಿಟ್ಟ ಯಂತ್ರ

"ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಓಡ್ತಿದೆಯಲ್ಲ!"

ಸಾಫ್ಟ್‌ವೇರ್ ಕೆಲಸದವರ ನಡುವೆ ಇಷ್ಟು ಸಲ ಕೇಳಿಬರುವ ಮಾತು ಇನ್ನೊಂದಿರಲಾರದು. ಹೇಳುವವರು ನಿಜವನ್ನೇ ಹೇಳುತ್ತಿರುತ್ತಾರೆ. ಪ್ರೋಗ್ರಾಂ ಅವರಲ್ಲಿ ಓಡುತ್ತದೆ, ಪಕ್ಕದ ಮೇಜಿನಲ್ಲಿ ಮುಗ್ಗರಿಸುತ್ತದೆ, ಸರ್ವರಿಗೆ ಏರಿಸಿದರೆ ಅಲ್ಲಿ ಮತ್ತೊಂದು ಬಗೆಯ ತಕರಾರು ತೆಗೆಯುತ್ತದೆ.

ಪಣಜಿಯಿಂದ ಮಾಂಡವಿ ಹೊಳೆ ದಾಟಿದರೆ ಸಿಗುವ ಪರ್ವರಿಯಲ್ಲಿ ನಮ್ಮದೊಂದು ಸಣ್ಣ ತಂಡ. ಒಬ್ಬರ ಬಳಿ ಮ್ಯಾಕ್, ಇನ್ನೊಬ್ಬರ ಬಳಿ ವಿಂಡೋಸ್. ಬರೆದದ್ದೆಲ್ಲ ಕೊನೆಗೆ ಹೋಗಿ ಕೂರುವುದು ಲಿನಕ್ಸ್ ಸರ್ವರಿನಲ್ಲಿ. ಕೊಂಕಣಿ-ಕನ್ನಡ ಪದಪಟ್ಟಿಯಂಥ ಸಾದಾ ಕೆಲಸವೂ ಇಲ್ಲಿ ದಾರಿ ತಪ್ಪಬಲ್ಲದು. ಯುನಿಕೋಡ್ ಕೋಷ್ಟಕದಲ್ಲಿ 'ಳ' ಕುಳಿತಿರುವುದು 'ಲ'ದ ಬೆನ್ನಿಗೇ. ಕನ್ನಡದ ನಿಘಂಟುಗಳಲ್ಲಿ ಅದರ ಜಾಗ 'ಹ' ಆದ ಮೇಲೆ. ಸಂಕೇತಸಂಖ್ಯೆ ನೋಡಿ ಜೋಡಿಸುವ ಯಂತ್ರ "ಬಲ, ಬಳೆ, ಬಹಳ" ಎನ್ನುತ್ತದೆ. ಭಾಷೆಯ ನಿಯಮ ಗೊತ್ತಿರುವ ಯಂತ್ರ "ಬಲ, ಬಹಳ, ಬಳೆ" ಎನ್ನುತ್ತದೆ. ಎರಡಕ್ಕೂ ಕೊಟ್ಟ ಪ್ರೋಗ್ರಾಂ ಒಂದೇ. ವ್ಯತ್ಯಾಸ ಇರುವುದು ಅದರ ಕೆಳಗಿನ ಆಪರೇಟಿಂಗ್ ಸಿಸ್ಟಂನಲ್ಲಿ, ಅದರ ಜೊತೆ ಬಂದ ಲೈಬ್ರರಿಗಳಲ್ಲಿ, ಅವುಗಳ ಆವೃತ್ತಿಗಳಲ್ಲಿ. ಕಡತದ ಹೆಸರಿನಲ್ಲಿ ದೊಡ್ಡಕ್ಷರ ಇದ್ದರೂ ಚಿಕ್ಕಕ್ಷರ ಇದ್ದರೂ ಮ್ಯಾಕ್ ಸಾಮಾನ್ಯವಾಗಿ ಒಂದೇ ಎಂದುಕೊಳ್ಳುತ್ತದೆ, ಲಿನಕ್ಸ್ ಹಾಗೆ ಒಪ್ಪುವುದಿಲ್ಲ. ಇಂಥವು ನೂರಾರಿವೆ. ಪ್ರೋಗ್ರಾಂ ಬರೆಯುವವರ ಆಯುಷ್ಯದಲ್ಲಿ ಎಷ್ಟು ಭಾಗ ಹೀಗೆ ಯಂತ್ರಯಂತ್ರಗಳ ವ್ಯತ್ಯಾಸ ಹುಡುಕುವುದರಲ್ಲೇ ಕಳೆದಿದೆಯೋ!

ಇದಕ್ಕೆ ಸಿಕ್ಕ ಉಪಾಯ ಕೇಳಲು ಸರಳ: ಸರ್ವರಿನಂಥದೇ ಇನ್ನೊಂದು ಕಂಪ್ಯೂಟರನ್ನು ಲ್ಯಾಪ್‌ಟಾಪಿನ ಒಳಗೇ ಇಟ್ಟುಬಿಡುವುದು. ಅದೇ ವರ್ಚುವಲ್ ಮಶೀನ್. ಕಬ್ಬಿಣ, ಸಿಲಿಕಾನ್ ಯಾವುದೂ ಇಲ್ಲದೆ ಸಾಫ್ಟ್‌ವೇರಿನಲ್ಲೇ ನಿಂತ ಯಂತ್ರ. ಈ ಉಪಾಯ ಒಬ್ಬರಿಗೆ ಒಂದು ದಿನ ಹೊಳೆದದ್ದಲ್ಲ. ಇದಕ್ಕೆ ಬೇಕಾದ ತುಂಡುಗಳು ಬೇರೆ ಬೇರೆ ಊರುಗಳಲ್ಲಿ, ನಲವತ್ತೈದು ವರ್ಷಗಳ ಅಂತರದಲ್ಲಿ ಸಿಕ್ಕವು. ಮೊದಲ ತುಂಡು ಸಿಕ್ಕಿದ್ದು ಒಂದು ಬಸ್ಸಿನಲ್ಲಿ.

1964ರ ಕೊನೆಯ ವಾರ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರ್ಲಿಂಗ್ಟನ್‌ನಿಂದ ಕೇಂಬ್ರಿಜ್‌ಗೆ ಹೋಗುವ ಸಿಟಿ ಬಸ್ಸಿನಲ್ಲಿ ರಾಬರ್ಟ್ ಕ್ರೀಸಿ ಕುಳಿತಿದ್ದರು. ಐಬಿಎಂ ಅಲ್ಲಿ ಅದೇ ವರ್ಷ ತೆರೆದಿದ್ದ ಸೈಂಟಿಫಿಕ್ ಸೆಂಟರಿನ ಎಂಜಿನಿಯರ್ ಅವರು. ಕಂಪನಿಗೆ ಆಗ ದೊಡ್ಡ ಪೆಟ್ಟು ಬಿದ್ದಿತ್ತು. ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವಿದ್ಯೆಯಲ್ಲಿ ಎಂಐಟಿ ಎಲ್ಲರಿಗಿಂತ ಮುಂದಿತ್ತು. ಆ ಎಂಐಟಿಯೇ ತನ್ನ ಮುಂದಿನ ಯೋಜನೆಗೆ ಐಬಿಎಂ ಬಿಟ್ಟು ಜನರಲ್ ಎಲೆಕ್ಟ್ರಿಕ್‌ನ ಯಂತ್ರವನ್ನು ಆರಿಸಿಕೊಂಡಿತ್ತು. ಕ್ರೀಸಿ ಸ್ವತಃ ಎಂಐಟಿಯ ಆ ಕೆಲಸದಲ್ಲಿ ಪಳಗಿದವರು. ತಮ್ಮದೇ ಒಂದು ವ್ಯವಸ್ಥೆಯನ್ನು ಕಟ್ಟಿಬಿಡೋಣ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಆ ಬಸ್ಸಿನಲ್ಲಿ ಎಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಮತ್ತು ಲೆಸ್ ಕೊಮೊ ಸೇರಿ ರೂಪಿಸಿದ ವ್ಯವಸ್ಥೆಗೆ ಸಿಪಿ-40 ಎಂದು ಹೆಸರು.

ಅವರು ಹಿಡಿದ ದಾರಿ ಬೇರೆಯವರಂತಿರಲಿಲ್ಲ. ಉಳಿದವರೆಲ್ಲ ಒಂದು ದೊಡ್ಡ ಆಪರೇಟಿಂಗ್ ಸಿಸ್ಟಂ ಬರೆದು, ಅದರೊಳಗೆ ಬಳಕೆದಾರರಿಗೆಲ್ಲ ಸಮಯ ಹಂಚುವ ಯೋಚನೆಯಲ್ಲಿದ್ದರು. ಕ್ರೀಸಿ ತಂಡ ಕೆಲಸವನ್ನು ಎರಡಾಗಿ ಸೀಳಿತು. ಕೆಳಗಿನ ಪದರಕ್ಕೆ ಒಂದೇ ಹೊಣೆ: ಪ್ರತಿಯೊಬ್ಬ ಬಳಕೆದಾರನಿಗೂ ಐಬಿಎಂನ ಇಡೀ ಸಿಸ್ಟಂ/360 ಕಂಪ್ಯೂಟರ್ ತನ್ನೊಬ್ಬನದೇ ಎಂಬಂತೆ ತೋರಿಸುವುದು. ಮೇಲಿನ ಪದರದಲ್ಲಿ ಒಬ್ಬನಿಗಷ್ಟೇ ಸಾಕಾಗುವ ಪುಟ್ಟ, ಸರಳ ಆಪರೇಟಿಂಗ್ ಸಿಸ್ಟಂ. ಹಂಚಿಕೊಳ್ಳುವ ತಲೆನೋವೆಲ್ಲ ಕೆಳಗಿನವನಿಗೆ, ಮೇಲಿನವನಿಗೆ ಅದರ ಸುಳಿವೂ ಇರಬೇಕಾಗಿಲ್ಲ. ಇದಕ್ಕೆಂದೇ 360ರ ಮಾಡೆಲ್ 40 ಯಂತ್ರವೊಂದಕ್ಕೆ ಮೆಮೊರಿ ವಿಳಾಸಗಳನ್ನು ಬದಲಿಸಿಕೊಡುವ ವಿಶೇಷ ಪೆಟ್ಟಿಗೆಯೊಂದನ್ನು ಜೋಡಿಸಿದರು. 1967ರ ಜನವರಿಯಲ್ಲಿ ಅದು ದಿನಬಳಕೆಗೆ ಬಂತು. ಒಂದು ಯಂತ್ರದೊಳಗೆ ಒಟ್ಟಿಗೆ ಹದಿನಾಲ್ಕು ಯಂತ್ರಗಳು, ಪ್ರತಿಯೊಂದಕ್ಕೂ 256 ಕೆಬಿ ಮೆಮೊರಿ. 

ಈ ಯಂತ್ರಗಳು ಯಾರಿಗೆ ಹೆಚ್ಚು ಉಪಯೋಗಕ್ಕೆ ಬಂದವು ಎಂಬುದೇ ನಮ್ಮ ಕತೆಗೆ ಮುಖ್ಯ. ಆಪರೇಟಿಂಗ್ ಸಿಸ್ಟಂ ಬರೆಯುವವರಿಗೆ! ಅಲ್ಲಿಯವರೆಗೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ಲಿನಲ್ಲಿ ಒಂದು ಸಾಲು ತಪ್ಪಿದರೂ ಕೋಣೆ ತುಂಬುವ ಯಂತ್ರವೇ ನಿಂತು, ಅದನ್ನು ನಂಬಿದ್ದ ಎಲ್ಲರ ಕೆಲಸ ಹಾಳಾಗುತ್ತಿತ್ತು. ಹಾಗಾಗಿ ಪರೀಕ್ಷೆಗೆ ನಡುರಾತ್ರಿಯ ಪಾಳಿಯೇ ಗತಿ. ವರ್ಚುವಲ್ ಮಶೀನ್ ಬಂದ ಮೇಲೆ ಸತ್ತರೆ ನಿಮ್ಮದೊಂದು ಸಾಯುತ್ತದೆ, ಪಕ್ಕದವನಿಗೆ ಗೊತ್ತೂ ಆಗುವುದಿಲ್ಲ. ಮುಂದೆ 1970ರ ಸುಮಾರಿಗೆ ಸಿಸ್ಟಂ/370ರ ಹೊಸ ಮೆಮೊರಿ ವ್ಯವಸ್ಥೆ ಇನ್ನೂ ಕಾರ್ಖಾನೆಯಿಂದ ಹೊರಬಾರದೆ ಇದ್ದಾಗಲೇ, ಹಳೆಯ 360/67ರ ಒಳಗೆ ಅದರ ವರ್ಚುವಲ್ ರೂಪ ಮಾಡಿಕೊಂಡು, ಹುಟ್ಟಿರದ ಯಂತ್ರಕ್ಕೆ ಸಾಫ್ಟ್‌ವೇರ್ ಬರೆದು ಸಿದ್ಧವಾಗಿಟ್ಟರು. ಇಂದು ನಾವು ಲ್ಯಾಪ್‌ಟಾಪಿನಲ್ಲಿ ಮಾಡಿಕೊಳ್ಳುವ ಲೋಕಲ್ ಡೆವಲಪ್‌ಮೆಂಟ್ ವ್ಯವಸ್ಥೆಯ ಮೂಲಪುರುಷರು ಇವರೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಈ ವಿದ್ಯೆಯ ಷರತ್ತನ್ನು ಗಣಿತದ ಭಾಷೆಯಲ್ಲಿ ಬರೆದಿಟ್ಟರು. ಅವರ ಪ್ರಬಂಧ ಕೆಲವೇ ಪುಟಗಳದ್ದು. ವರ್ಚುವಲ್ ಮಶೀನಿನ ಒಳಗಿರುವ ಕರ್ನೆಲ್ ಬಾಡಿಗೆದಾರ; ಆದರೆ ಅದು ತನ್ನನ್ನು ಮನೆಯ ಯಜಮಾನ ಎಂದೇ ತಿಳಿದಿದೆ. ಅದು ಯಜಮಾನ ಮಾತ್ರ ಮಾಡಬಹುದಾದ ಕೆಲಸಕ್ಕೆ ಕೈಹಾಕಿದಾಗಲೆಲ್ಲ ಪ್ರೊಸೆಸರ್ ತಡೆದು ನಿಲ್ಲಿಸಬೇಕು, ಕೆಳಗಿರುವ ನಿಜವಾದ ಮೇಲ್ವಿಚಾರಕನಿಗೆ ಸುದ್ದಿ ಮುಟ್ಟಿಸಬೇಕು. ಮೇಲ್ವಿಚಾರಕ ಆ ಕೆಲಸ ನಡೆದಂತೆ ನಟಿಸಿ ಬಾಡಿಗೆದಾರನಿಗೆ ಹಿಡಿತ ಮರಳಿಸುತ್ತಾನೆ. ಯಂತ್ರದ ಸ್ಥಿತಿಯನ್ನು ಮುಟ್ಟುವ ಒಂದೇ ಒಂದು ಆಜ್ಞೆಯೂ ಈ ತಡೆಯಿಂದ ತಪ್ಪಿಸಿಕೊಳ್ಳಬಾರದು. ಅಷ್ಟಿದ್ದರೆ ಸಾಕು, ಉಳಿದ ಲಕ್ಷಾಂತರ ಸಾಮಾನ್ಯ ಆಜ್ಞೆಗಳು ಪ್ರೊಸೆಸರಿನ ಮೇಲೆ ನೇರವಾಗಿ, ಪೂರ್ತಿ ವೇಗದಲ್ಲಿ ಓಡಬಹುದು.

ಆಮೇಲೆ ಪರ್ಸನಲ್ ಕಂಪ್ಯೂಟರ್ ಬಂತು. ಒಬ್ಬೊಬ್ಬರಿಗೂ ಒಂದೊಂದು ನಿಜವಾದ ಯಂತ್ರವೇ ಸಿಗುವಾಗ ಸುಳ್ಳು ಯಂತ್ರ ಯಾರಿಗೆ ಬೇಕು? ವರ್ಚುವಲ್ ಮಶೀನ್ ಹಳೆಯ ದೊಡ್ಡ ಗಣಕಗಳ ಕೋಣೆಗಳಲ್ಲೇ ಉಳಿಯಿತು. ನಮ್ಮ ಮೇಜುಗಳ ಮೇಲೆ ಕುಳಿತ ಇಂಟೆಲ್‌ನ ಎಕ್ಸ್86 ಪ್ರೊಸೆಸರ್ ಪೋಪೆಕ್-ಗೋಲ್ಡ್‌ಬರ್ಗ್ ಷರತ್ತನ್ನು ತಲೆಯಲ್ಲಿಟ್ಟುಕೊಂಡು ಬೆಳೆದದ್ದಲ್ಲ.

ಸ್ಟ್ಯಾನ್‌ಫರ್ಡ್‌ನಲ್ಲಿ 1997ರ ಹೊತ್ತಿಗೆ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಅವರ ವಿದ್ಯಾರ್ಥಿಗಳಾದ ಎಡ್ವರ್ಡ್ ಬುನ್ಯೋನ್, ಸ್ಕಾಟ್ ಡಿವೈನ್ 'ಡಿಸ್ಕೊ' ಎಂಬ ವ್ಯವಸ್ಥೆ ಮಾಡಿ ಹಳೆಯ ವಿದ್ಯೆಗೆ ಮರುಜೀವ ಕೊಟ್ಟರು. ಅದು ಮಿಪ್ಸ್ ಪ್ರೊಸೆಸರಿನ ಮೇಲೆ ಓಡುತ್ತಿತ್ತು. ಜನರ ಮೇಜಿನ ಮೇಲಿದ್ದದ್ದು ಎಕ್ಸ್86. ಮರುವರ್ಷ ಈ ಮೂವರ ಜೊತೆ ಡಯೇನ್ ಗ್ರೀನ್ ಮತ್ತು ಎಲೆನ್ ವಾಂಗ್ ಸೇರಿ ವಿಎಂವೇರ್ ಕಂಪನಿ ಶುರುವಾಯಿತು. ಎಕ್ಸ್86ರ ಮೇಲೆ ವರ್ಚುವಲ್ ಮಶೀನ್ ಆಗುವುದೇ ಇಲ್ಲ ಎಂಬುದು ಆಗಿನ ತಿಳಿವಳಿಕೆ. ಅದಕ್ಕೆ ಗಟ್ಟಿ ಕಾರಣವೂ ಇತ್ತು. 2000ದಲ್ಲಿ ಜಾನ್ ರಾಬಿನ್ ಮತ್ತು ಸಿಂಥಿಯಾ ಅರ್ವಿನ್ ಪೆಂಟಿಯಂನ ಎಲ್ಲ ಆಜ್ಞೆಗಳನ್ನೂ ಒಂದೊಂದಾಗಿ ಪರಿಶೀಲಿಸಿ, ಷರತ್ತು ಮುರಿಯುವ 17 ಆಜ್ಞೆಗಳನ್ನು ಪಟ್ಟಿ ಮಾಡಿದರು.

ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಹೆಸರು 'ಪಾಪ್‌ಎಫ್'. ಕರ್ನೆಲ್ ಸೂಕ್ಷ್ಮ ಕೆಲಸಕ್ಕೆ ಕೈಹಾಕುವಾಗ ಗಡಿಯಾರದ ಟಿಕ್ಕು, ಕೀಬೋರ್ಡಿನ ಒತ್ತು ಮುಂತಾದ ಅಡಚಣೆಗಳಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಆ 'ಬಾಗಿಲು ಹಾಕು' ಆಜ್ಞೆಯನ್ನು ಪ್ರೊಸೆಸರ್ ತಡೆದು ಮೇಲ್ವಿಚಾರಕನಿಗೆ ತಿಳಿಸುತ್ತದೆ. ಅವನು 'ಒಳಗಿನವನು ಬಾಗಿಲು ಹಾಕಿದ್ದಾನೆ' ಎಂದು ಗುರುತು ಮಾಡಿಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಕರ್ನೆಲ್ ಹಿಂದಿನ ಸ್ಥಿತಿಯನ್ನು ಮರಳಿ ತರಲು 'ಪಾಪ್‌ಎಫ್' ಎನ್ನುತ್ತದೆ, ಅಂದರೆ ಬಾಗಿಲು ತೆಗೆಯುತ್ತದೆ. ಅಧಿಕಾರವಿಲ್ಲದವರು ಹಾಗೆಂದರೆ ಎಕ್ಸ್86 ತಡೆಯುವುದೂ ಇಲ್ಲ, ದೂರು ಕೊಡುವುದೂ ಇಲ್ಲ. ಆ ಭಾಗವನ್ನು ಕೇಳಿಸಿಕೊಳ್ಳದವರಂತೆ ಮುಂದೆ ಹೋಗಿಬಿಡುತ್ತದೆ. ಬಾಗಿಲು ತೆರೆದಿದ್ದೇನೆಂದು ಕರ್ನೆಲ್ ಗಡಿಯಾರದ ಟಿಕ್ಕಿಗಾಗಿ ಕಾಯುತ್ತದೆ. ಬಾಗಿಲು ಮುಚ್ಚಿದೆಯೆಂದು ಮೇಲ್ವಿಚಾರಕ ಟಿಕ್ಕನ್ನು ತಡೆಹಿಡಿದು ಕುಳಿತಿರುತ್ತಾನೆ. ಯಂತ್ರ ಕಲ್ಲಾಗಿ ನಿಲ್ಲುತ್ತದೆ. ಪರದೆಯ ಮೇಲೆ ತಪ್ಪೆಂಬ ಒಂದು ಅಕ್ಷರವೂ ಮೂಡುವುದಿಲ್ಲ. ತಪ್ಪು ಮಾಡಿ ಕೂಗುವ ಯಂತ್ರವನ್ನು ರಿಪೇರಿ ಮಾಡಬಹುದು. ತಪ್ಪು ಮಾಡಿ ಸುಮ್ಮನಿರುವುದೇ ನಿಜವಾದ ಕಷ್ಟ.

ವಿಎಂವೇರ್‌ನವರು ಕಂಡುಕೊಂಡ ದಾರಿ ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಇಷ್ಟದ ಭಾಗ. ಪ್ರೊಸೆಸರ್ ತಡೆಯುವುದಿಲ್ಲವೆ? ಸರಿ, ಆ ಆಜ್ಞೆ ಪ್ರೊಸೆಸರಿಗೆ ತಲುಪುವ ಮೊದಲೇ ನಾವು ಓದಿಬಿಡೋಣ. ಒಳಗಿನ ಕರ್ನೆಲ್ ಓಡುವ ಹೊತ್ತಿನಲ್ಲೇ ಅದರ ಆಜ್ಞೆಗಳನ್ನು ಹತ್ತು ಹನ್ನೆರಡರ ತುಣುಕುಗಳಾಗಿ ಓದುವುದು, ನಿರಪಾಯದವನ್ನು ಹಾಗೆಯೇ ನಕಲು ಮಾಡುವುದು, 'ಪಾಪ್‌ಎಫ್'ನಂಥದು ಸಿಕ್ಕರೆ ಅದರ ಜಾಗದಲ್ಲಿ ಮೇಲ್ವಿಚಾರಕನಿಗೆ ಹೇಳಿಹೋಗುವ ಬೇರೆ ಆಜ್ಞೆಗಳನ್ನು ಹಾಕುವುದು. ಒಮ್ಮೆ ಹೀಗೆ ತಿದ್ದಿದ ತುಣುಕನ್ನು ಇಟ್ಟುಕೊಂಡರೆ ಮತ್ತೆ ಬಂದಾಗ ತಿದ್ದುವ ಕೆಲಸವಿಲ್ಲ. ಬಳಕೆದಾರನ ಸಾಮಾನ್ಯ ಪ್ರೋಗ್ರಾಮುಗಳಿಗಂತೂ ಈ ತಪಾಸಣೆಯೇ ಬೇಡ, ಅವು ನೇರವಾಗಿ ಓಡುತ್ತವೆ. 1999ರ ಮೇ ತಿಂಗಳಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ ಮಾರುಕಟ್ಟೆಗೆ ಬಂತು. ಆಗುವುದಿಲ್ಲ ಎಂದದ್ದು ಸಾಮಾನ್ಯ ಪಿಸಿಯ ಮೇಲೆ ಆಗಿತ್ತು. ಲಿನಕ್ಸ್ ಪರದೆಯ ಒಂದು ಚೌಕಟ್ಟಿನೊಳಗೆ ವಿಂಡೋಸ್ ಬೂಟ್ ಆಗುತ್ತಿತ್ತು.

ಪ್ರೊಸೆಸರ್ ತಯಾರಕರು ತಾವೇ ಷರತ್ತು ಪೂರೈಸಲು ಮುಂದಾದದ್ದು ಆಮೇಲೆ: 2005ರ ಕೊನೆಗೆ ಇಂಟೆಲ್ 'ವಿಟಿ-ಎಕ್ಸ್' ತಂದಿತು, 2006ರಲ್ಲಿ ಎಎಂಡಿ ತನ್ನದನ್ನು ತಂದಿತು. ಸ್ವಾರಸ್ಯವೆಂದರೆ, 2006ರಲ್ಲಿ ವಿಎಂವೇರ್‌ನ ಕೀತ್ ಆ್ಯಡಮ್ಸ್ ಮತ್ತು ಓಲೆ ಆಗೆಸೆನ್ ಎರಡನ್ನೂ ಹೋಲಿಸಿ ಅಳೆದಾಗ, ಆ ಮೊದಲ ಹಾರ್ಡ್‌ವೇರ್ ಸಹಾಯಕ್ಕಿಂತ ಸಾಫ್ಟ್‌ವೇರಿನ ತಿದ್ದುವ ಉಪಾಯವೇ ಎಷ್ಟೋ ಕಡೆ ವೇಗವಾಗಿತ್ತು. ಮುಂದಿನ ತಲೆಮಾರಿನ ಪ್ರೊಸೆಸರುಗಳಲ್ಲಿ ಹಾರ್ಡ್‌ವೇರ್ ಗೆದ್ದಿತು. ಲಿನಕ್ಸ್ ಕರ್ನೆಲ್ಲಿನ ಒಳಗೇ 2007ರಲ್ಲಿ ಕೆವಿಎಂ ಸೇರಿತು. ಅದೇ ವರ್ಷ ಜರ್ಮನಿಯ ಇನ್ನೊಟೆಕ್ ಕಂಪನಿ ತನ್ನ ವರ್ಚುವಲ್‌ಬಾಕ್ಸನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟಿತು. ಕಾಸಿಲ್ಲದ ವಿದ್ಯಾರ್ಥಿಗೂ ಈಗ ಯಂತ್ರದೊಳಗಿನ ಯಂತ್ರ ಸಿಕ್ಕಿತು.

ಆದರೂ "ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿದೆಯಲ್ಲ" ನಿಲ್ಲಲಿಲ್ಲ. ವರ್ಚುವಲ್ ಮಶೀನ್ ಮಾಡಿಕೊಳ್ಳಲು ಇನ್‌ಸ್ಟಾಲ್ ಸಿಡಿ ಹಾಕಬೇಕು, ಹತ್ತಾರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು, ಡೇಟಾಬೇಸ್ ಹಾಕಿ, ಭಾಷೆಯ ಲೊಕೇಲ್ ಹೊಂದಿಸಿ, ವೆಬ್ ಸರ್ವರ್ ಶುರುಮಾಡಬೇಕು. ತಂಡದ ನಾಲ್ವರು ಮಾಡಿಕೊಂಡರೆ ನಾಲ್ಕು ಬಗೆಯ ವರ್ಚುವಲ್ ಮಶೀನುಗಳು. ಯಂತ್ರ ಸುಳ್ಳಾದರೂ ಕೈಕೆಲಸ ನಿಜವೇ. ಅರ್ಧ ದಿನ ಕೂತು ಹೊಂದಿಸಿದ್ದನ್ನು ಅಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಅದು ದಿನದಿನಕ್ಕೆ ಕಸ ತುಂಬಿಕೊಂಡು ಸರ್ವರಿಗಿಂತ ಬೇರೆಯೇ ಆಗುತ್ತಾ ಹೋಗುತ್ತದೆ.

ಈ ಕೊನೆಯ ಗಂಟನ್ನು ಬಿಡಿಸಿದವರು ಆಗಿನ್ನೂ ಕಾಲೇಜಿನಲ್ಲಿದ್ದ ಮಿಚೆಲ್ ಹಶಿಮೊಟೊ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ರೂಬಿ ಭಾಷೆಯಲ್ಲಿ ಗಿರಾಕಿಗಳಿಗೆ ವೆಬ್‌ಸೈಟ್ ಕಟ್ಟಿಕೊಡುವ ಕಂಪನಿಯೊಂದರಲ್ಲಿ ದುಡಿಯುತ್ತಿದ್ದರು. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಆವೃತ್ತಿಯ ರೂಬಿ, ಒಂದೊಂದು ಡೇಟಾಬೇಸ್. ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ. 2010ರ ಜನವರಿಯಲ್ಲಿ ಅವರು ಬಿಡುವಿನ ವೇಳೆಯಲ್ಲಿ ವೇಗ್ರಂಟ್ ಎಂಬ ಸಲಕರಣೆಯನ್ನು ಬರೆಯಲು ಕೂತರು, ಮಾರ್ಚ್‌ನಲ್ಲಿ ಮೊದಲ ಆವೃತ್ತಿ ಹೊರಬಂತು. ಅದೇ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಭಾರತದ ಮೊದಲ ರೂಬಿ ಸಮ್ಮೇಳನ ನಡೆದಿತ್ತು. 2014ರಲ್ಲಿ ಅದೇ ಸಮ್ಮೇಳನ ಗೋವಾಕ್ಕೆ ಬರುವಷ್ಟರಲ್ಲಿ ವೇಗ್ರಂಟ್ ರೂಬಿ ಬರೆಯುವವರ ಮನೆಮಾತಾಗಿತ್ತು.

ಹಶಿಮೊಟೊ ವರ್ಚುವಲ್ ಮಶೀನನ್ನು ಕಂಡುಹಿಡಿಯಲಿಲ್ಲ. ವರ್ಚುವಲ್‌ಬಾಕ್ಸ್ ಇತ್ತು, ಸರ್ವರುಗಳನ್ನು ತಾನಾಗಿ ಹೊಂದಿಸುವ ಪಪೆಟ್, ಶೆಫ್ ಎಂಬ ಸಲಕರಣೆಗಳೂ ಇದ್ದವು. ಅವರು ಕಂಡದ್ದು ಇವುಗಳ ನಡುವೆ ಖಾಲಿ ಬಿದ್ದಿದ್ದ ಜಾಗವನ್ನು. ಯಂತ್ರ ಹೇಗಿರಬೇಕು ಎಂಬುದನ್ನು ಕೆಲವೇ ಸಾಲುಗಳಲ್ಲಿ ಬರೆದು, ಆ ಬರಹವನ್ನು ಪ್ರೋಗ್ರಾಮಿನ ಜೊತೆಯಲ್ಲೇ ಇಡಬೇಕು. ಕೈಯಿಂದ ಕೈಗೆ ದಾಟಬೇಕಾದದ್ದು ಯಂತ್ರವಲ್ಲ, ಬರಹ. ಬರಹ ಇದ್ದ ಮೇಲೆ ಯಂತ್ರವನ್ನು ಯಾವಾಗ ಬೇಕಾದರೂ ಕೆಡವಬಹುದು.

ಆ ಬರಹ ಹೇಗಿರುತ್ತದೆ? ಕಡತದ ಹೆಸರು 'ವೇಗ್ರಂಟ್‌ಫೈಲ್'. ಮೊದಲ ಮುಖ್ಯ ಸಾಲು ಯಾವ 'ಬಾಕ್ಸ್' ಎಂದು ಹೇಳುತ್ತದೆ, ಅಂದರೆ ಅಡಿಪಾಯದ ಲಿನಕ್ಸ್ ಯಾವ ಆವೃತ್ತಿಯದು ಎಂದು. ಮುಂದಿನದು ಒಳಗಿನ ಯಂತ್ರದ 80ನೇ ಪೋರ್ಟನ್ನು ಲ್ಯಾಪ್‌ಟಾಪಿನ 8080ಕ್ಕೆ ಜೋಡಿಸುತ್ತದೆ. ಆಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8080 ಎಂದು ಹೊಡೆದರೆ ಒಳಗಿನ ಸೈಟು ಹೊರಗೆ ಕಾಣುತ್ತದೆ. ಇನ್ನೊಂದು ಸಾಲು ಮೆಮೊರಿ ಎಷ್ಟೆಂದು ಹೇಳುತ್ತದೆ. 4 ಜಿಬಿ ಇರುವ ಲ್ಯಾಪ್‌ಟಾಪಿನಲ್ಲಿ 1 ಜಿಬಿಗಿಂತ ಹೆಚ್ಚು ಕೊಟ್ಟರೆ ಹೊರಗಿನ ಬ್ರೌಸರ್ ಏದುಸಿರು ಬಿಡುತ್ತದೆ. ಕೊನೆಯದು ಏನೇನು ಹಾಕಬೇಕು ಎಂಬ ಸ್ಕ್ರಿಪ್ಟಿನ ಹೆಸರು: ಡೇಟಾಬೇಸ್, ರೂಬಿ, ಕನ್ನಡದ ಲೊಕೇಲ್. ಟರ್ಮಿನಲ್ಲಿನಲ್ಲಿ 'ವೇಗ್ರಂಟ್ ಅಪ್' ಎಂದರೆ ಯಂತ್ರ ಏಳುತ್ತದೆ, 'ವೇಗ್ರಂಟ್ ಡಿಸ್ಟ್ರಾಯ್' ಎಂದರೆ ಹೇಳಹೆಸರಿಲ್ಲದಂತೆ ಹೋಗುತ್ತದೆ. ಪ್ರೋಗ್ರಾಮಿನ ಕಡತಗಳು ಮಾತ್ರ ಲ್ಯಾಪ್‌ಟಾಪಿನಲ್ಲೇ ಇದ್ದು ಒಳಗೂ ಕಾಣುತ್ತಿರುತ್ತವೆ, ಅವಕ್ಕೆ ಅಪಾಯವಿಲ್ಲ. ಹೊಸಬರಿಗೆ ಕಲಿಸುವಾಗ ನಾನು ಮೊದಲು ಮಾಡಿಸುವುದು ಈ ಕೆಡವುವ ಕೆಲಸವನ್ನೇ. ಕೆಡವಿ ಮತ್ತೆ ಎಬ್ಬಿಸಿದ ಮೇಲೆ ಅವರ ಕೈಗೆ ಬರುವ ಧೈರ್ಯವೇ ಬೇರೆ.

ನಮ್ಮ ಕಡೆ ತೊಡಕುಗಳಿಲ್ಲದೆ ಇಲ್ಲ. ಬಾಕ್ಸ್ ಎಂದರೆ ನೂರಾರು ಎಂಬಿಯ ಕಡತ. ಜೂನ್ ಮಳೆಯಲ್ಲಿ ಕರೆಂಟು, ನೆಟ್ಟು ಎರಡೂ ಆಟವಾಡುವ ಪರ್ವರಿಯಲ್ಲಿ ಅದನ್ನು ಒಬ್ಬರು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಉಳಿದವರಿಗೆ ದಾಟಿಸುವುದೇ ವಾಡಿಕೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಕಾಣುವ ಮೊದಲ ತಡೆ ಬೇರೆ: ವಿಟಿ-ಎಕ್ಸ್ ಬಯೋಸ್‌ನಲ್ಲಿ ಮುಚ್ಚಿದೆ ಎಂಬ ಸಂದೇಶ. ಪ್ರೊಸೆಸರಿನಲ್ಲಿ ಸೌಲಭ್ಯ ಇರುತ್ತದೆ, ಕಾರ್ಖಾನೆಯಿಂದ ಬರುವಾಗ ಆಫ್ ಆಗಿರುತ್ತದೆ, ಅಷ್ಟೆ. ಲ್ಯಾಪ್‌ಟಾಪ್ ಮತ್ತೆ ಶುರುಮಾಡಿ, ಎಫ್2 ಅಥವಾ ಎಫ್10 ಒತ್ತಿ, ನೀಲಿ ಪರದೆಯ ಮೆನುವಿನಲ್ಲಿ ಹುಡುಕಿ ಆನ್ ಮಾಡಬೇಕು. ಅದಿಲ್ಲದೆ ವರ್ಚುವಲ್‌ಬಾಕ್ಸ್‌ನಲ್ಲಿ 64 ಬಿಟ್‌ನ ಲಿನಕ್ಸ್ ಏಳುವುದಿಲ್ಲ. ವೇಗ್ರಂಟ್‌ನ ಆರಂಭದ ದಿನಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ 'ಲುಸಿಡ್32' ಎಂಬ ಬಾಕ್ಸ್ 32 ಬಿಟ್‌ನದಾಗಿದ್ದರಿಂದ ಇಂಥ ಲ್ಯಾಪ್‌ಟಾಪುಗಳಲ್ಲೂ ಏಳುತ್ತಿತ್ತು.

ಭಾಷೆಗಳ ಕೆಲಸಕ್ಕೆ ಇದರಿಂದ ಆದ ಉಪಕಾರವನ್ನು ಹೇಳದೆ ಮುಂದೆ ಹೋಗಲಾರೆ. ಗೋವಾದ ಕೊಂಕಣಿ ವಿಕಿಪೀಡಿಯ 2015ರಲ್ಲಿ ಸ್ವತಂತ್ರವಾಗಿ ಶುರುವಾಯಿತು. ದೇವನಾಗರಿ, ರೋಮನ್, ಕನ್ನಡ, ಹೀಗೆ ಒಂದಕ್ಕಿಂತ ಹೆಚ್ಚು ಲಿಪಿಗಳಲ್ಲಿ ಬರೆಯುವ ಜನರಿರುವ ಭಾಷೆ ಅದು. ಅದರ ಕೆಳಗಿರುವ ಮೀಡಿಯವಿಕಿ ತಂತ್ರಾಂಶಕ್ಕೆ ಒಂದು ತಿದ್ದುಪಡಿ ಮಾಡಿ ನೋಡಬೇಕೆಂದರೆ ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಎಲ್ಲವೂ ಬೇಕು. ವಿಕಿಮೀಡಿಯದವರು 'ಮೀಡಿಯವಿಕಿ-ವೇಗ್ರಂಟ್' ಮಾಡಿ ಅದನ್ನೆಲ್ಲ ಒಂದು ಆಜ್ಞೆಗೆ ಇಳಿಸಿದರು. ಮಡಗಾಂವಿನಲ್ಲೋ ಮಂಗಳೂರಿನಲ್ಲೋ ಕೂತವರು ಇಡೀ ವಿಕಿಯನ್ನು ತಮ್ಮ ಲ್ಯಾಪ್‌ಟಾಪಿನೊಳಗೆ ಎಬ್ಬಿಸಿ, ಲಿಪಿಗಳನ್ನು ಬದಲಿಸಿ ನೋಡಿ, ಕೆಟ್ಟರೆ ಕೆಡವಿ ಮತ್ತೆ ಶುರುಮಾಡಬಹುದಾಯಿತು. ಸಣ್ಣ ಭಾಷೆಗಳ ಕೆಲಸ ಮಾಡುವವರು ಬಹುತೇಕ ಸ್ವಯಂಸೇವಕರು, ಅವರಿಗೆ ಸಿಗುವುದು ರಾತ್ರಿಯ ಒಂದೆರಡು ಗಂಟೆ. ಯಂತ್ರ ಹೊಂದಿಸುವುದರಲ್ಲೇ ಅದು ಮುಗಿದುಹೋದರೆ ಭಾಷೆಗೆ ಉಳಿಯುವುದೇನು?

2013ರಲ್ಲಿ ಡಾಕರ್ ಬಂದು ಇಡೀ ಯಂತ್ರದ ಬದಲು ಕರ್ನೆಲ್ಲನ್ನು ಹಂಚಿಕೊಳ್ಳುವ ಹಗುರ ಪೆಟ್ಟಿಗೆಗಳನ್ನು ಕೊಟ್ಟಿತು. ಹೆಚ್ಚಿನವರು ಅತ್ತ ಹೋದರು. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಲಿನಕ್ಸ್ ಪೆಟ್ಟಿಗೆಗಳು ಓಡಲು ಕೆಳಗೊಂದು ಲಿನಕ್ಸ್ ವರ್ಚುವಲ್ ಮಶೀನ್ ಇರಲೇಬೇಕು ಎಂಬುದು ಅವರಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ.

2020ರ ನವೆಂಬರ್‌ನಲ್ಲಿ ಆ್ಯಪಲ್ ತನ್ನ ಎಂ1 ಚಿಪ್ಪಿನ ಮ್ಯಾಕ್‌ಗಳನ್ನು ತಂದಾಗ ಸಮಸ್ಯೆ ಮತ್ತೆ ಎದುರಾಯಿತು. ಅದು ಆರ್ಮ್ ಜಾತಿಯ ಪ್ರೊಸೆಸರ್. ಒಳಗಿನ ಆಜ್ಞೆಗಳು ಹೊರಗಿನ ಪ್ರೊಸೆಸರಿನ ಮೇಲೆ ನೇರವಾಗಿ ಓಡುತ್ತವೆ ಎಂಬುದೇ 1967ರಿಂದ ಇಲ್ಲಿಯವರೆಗಿನ ಎಲ್ಲದರ ಆಧಾರ. ಎರಡರ ಭಾಷೆಯೇ ಬೇರೆಯಾದರೆ ಅದು ಸಾಧ್ಯವಿಲ್ಲ. ವರ್ಚುವಲ್‌ಬಾಕ್ಸ್ ಈ ಮ್ಯಾಕ್‌ಗಳಿಗೆ ಸರಿಯಾಗಿ ಹೊಂದಿಕೊಂಡದ್ದು 2024ರ 7.1 ಆವೃತ್ತಿಯಲ್ಲಿ, ಅದೂ ಆರ್ಮ್‌ಗೆಂದೇ ಕಟ್ಟಿದ ಆಪರೇಟಿಂಗ್ ಸಿಸ್ಟಂಗಳಿಗೆ ಮಾತ್ರ. ಎಕ್ಸ್86 ಯಂತ್ರವೇ ಬೇಕೆಂದರೆ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಂಯು ಇದೆ. ವಿಎಂವೇರ್‌ನವರು ಕರ್ನೆಲ್ಲಿನ ಆಜ್ಞೆಗಳನ್ನಷ್ಟೇ ತಿದ್ದುತ್ತಿದ್ದರು, ಇದು ಪ್ರತಿಯೊಂದನ್ನೂ ಒಂದು ಜಾತಿಯಿಂದ ಇನ್ನೊಂದಕ್ಕೆ ಅನುವಾದಿಸಬೇಕು, ಹಾಗಾಗಿ ನಿಧಾನ. ನಮ್ಮ ವೇಗ್ರಂಟ್‌ಫೈಲಿನಲ್ಲಿ ಈಗ ಎರಡು ಬಾಕ್ಸ್‌ಗಳ ಹೆಸರಿದೆ, ಯಾವ ಪ್ರೊಸೆಸರ್ ಎಂದು ನೋಡಿ ಒಂದನ್ನು ಆರಿಸಿಕೊಳ್ಳುವ ಸಾಲೊಂದು ಸೇರಿದೆ. ಸರ್ವರಿಗೆ ಏರಿಸುವ ಮೊದಲಿನ ಕೊನೆಯ ಪರೀಕ್ಷೆ ಮಾತ್ರ ತಂಡದ ಹಳೆಯ ಇಂಟೆಲ್ ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ.